ಹಂಚಿದ ನೆಲ, ದುಡಿಯುವ ನೆಲ: ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಅರವತ್ತು ವರ್ಷ

ನಾಲ್ಕು ಯಂತ್ರ ಕೂರಿಸಲು ಒಂದಿಷ್ಟು ಜಾಗ ಬೇಕೆಂದು ಕರ್ನಾಟಕದಲ್ಲಿ ಓಡಾಡಿದ ಉದ್ಯಮಿಗಳಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ, ಅಂದರೆ ಕೆಐಎಡಿಬಿಯ ಮೆಟ್ಟಿಲು ಹತ್ತದವರು ಕಡಿಮೆ. ಹಳ್ಳಿಯವರಿಗೂ ಈ ಹೆಸರು ಗೊತ್ತು. ಪಹಣಿ ತೆಗೆಸಲು ಹೋದಾಗ ತಮ್ಮ ಸರ್ವೆ ನಂಬರಿನ ಎದುರು ಅದೇ ಹೆಸರು ಕಂಡು ಬೆಚ್ಚಿದ ರೈತರು ಬೆಂಗಳೂರಿನ ಸುತ್ತ ಮಾತ್ರವಲ್ಲ, ಧಾರವಾಡದಲ್ಲೂ ಬಳ್ಳಾರಿಯಲ್ಲೂ ಇದ್ದಾರೆ. ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಕೊಡುವುದೇ ಈ ಸಂಸ್ಥೆಯ ಕಸುಬಾದ್ದರಿಂದ, ಅದರ ಚರಿತ್ರೆಯನ್ನು ಎರಡೂ ಕಡೆಯವರ ಕಣ್ಣಿನಿಂದ ನೋಡಬೇಕಾಗುತ್ತದೆ.

1966ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ 2026ಕ್ಕೆ 60 ತುಂಬುತ್ತದೆ. ಎಷ್ಟು ಎಕರೆ ಪಡೆಯಿತು, ಎಷ್ಟು ಪ್ಲಾಟು ವಿಂಗಡಿಸಿತು ಎಂಬ ಲೆಕ್ಕ ವಾರ್ಷಿಕ ವರದಿಗಳಲ್ಲಿ ಸಿಗುತ್ತದೆ. ಈ ಲೇಖನದಲ್ಲಿ ನಾನು ಹಿಂಬಾಲಿಸಲು ಹೊರಟಿರುವುದು ಬೇರೆಯದನ್ನು: ನೆಲವನ್ನು ಕೊಟ್ಟ ಮೇಲೆ ಅದು ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಇರಬೇಕು, ಅದನ್ನು ಮಾರಬಹುದೇ, ಮಾರಿದರೆ ಲಾಭ ಯಾರದು ಎಂಬುದನ್ನು ಮಂಡಳಿ ಹೇಗೆ ಯೋಚಿಸುತ್ತ ಬಂತು ಎನ್ನುವುದನ್ನು. ನನ್ನ ಮಟ್ಟಿಗೆ ಸಂಸ್ಥೆಯ ನಿಜವಾದ ಚರಿತ್ರೆ ಇರುವುದು ಅಲ್ಲಿ.

1940–1965: ಕಾಯ್ದೆಗೆ ಮುಂಚೆ

ಕಾರ್ಖಾನೆಗೆ ಸರ್ಕಾರವೇ ನೆಲ ಕೊಡುವ ರೂಢಿ ಮೈಸೂರು ಸಂಸ್ಥಾನಕ್ಕೆ ಹೊಸದಾಗಿರಲಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ವಿಮಾನ ಕಾರ್ಖಾನೆ ಬೆಂಗಳೂರಿಗೆ ಬಂದದ್ದಕ್ಕೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ ಮುಂದಿಟ್ಟ ಸುಮಾರು 700 ಎಕರೆ ನೆಲವೂ ಬಂಡವಾಳದ ಪಾಲೂ ದೊಡ್ಡ ಕಾರಣ. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಒಂದರ ಹಿಂದೊಂದು ನೆಲೆಯೂರಿದವು. ಇವೆಲ್ಲ ಸರ್ಕಾರದ್ದೇ ಕಾರ್ಖಾನೆಗಳು. ಸರ್ಕಾರ ತನ್ನ ನೆಲವನ್ನು ತನ್ನ ಕೆಲಸಕ್ಕೇ ಕೊಟ್ಟುಕೊಂಡದ್ದರಿಂದ ಮರುಮಾರಾಟದ ಚಿಂತೆ ಯಾರಿಗೂ ಇರಲಿಲ್ಲ.

ಚಿಂತೆ ಶುರುವಾದದ್ದು ಸಣ್ಣವರಿಂದ. ದೊಡ್ಡ ಕಾರ್ಖಾನೆಗೆ ಬೋಲ್ಟು, ಬುಷ್, ಗೇರು, ಶೀಟ್ ಮೆಟಲ್ ಡಬ್ಬಿ ಮಾಡಿಕೊಡುವವರು ಬೇಕಿತ್ತು. ಅವರು ಮನೆಯ ಹಿತ್ತಲಲ್ಲೋ ಪೇಟೆಯ ಗಲ್ಲಿಯಲ್ಲೋ ಯಂತ್ರ ಹೂಡಿಕೊಂಡಿದ್ದರು. 1949ರಲ್ಲಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಆರಂಭವಾದ ರಾಜಾಜಿನಗರವನ್ನು ಕೈಗಾರಿಕಾ ಉಪನಗರವೆಂದೇ ಯೋಜಿಸಿದ್ದರು. ಕೆಲಸದ ಜಾಗ, ಕೆಲಸಗಾರರ ಮನೆ ಎರಡೂ ಅಕ್ಕಪಕ್ಕದಲ್ಲಿರಬೇಕೆಂಬುದು ಆ ಯೋಜನೆಯ ಆಸೆ. ಎರಡನೆಯ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ಕೈಗಾರಿಕಾ ವಸಾಹತು ಎಂಬ ಕಲ್ಪನೆ ದೇಶದೆಲ್ಲೆಡೆ ಹಬ್ಬಿತು; 1955ರಲ್ಲಿ ರಾಜಕೋಟೆಯಲ್ಲಿ ಮೊದಲನೆಯದು ತಲೆಯೆತ್ತಿತು. 1960ರಲ್ಲಿ ಹುಟ್ಟಿದ ಸಣ್ಣ ಕೈಗಾರಿಕೆಗಳ ನಿಗಮ, ಇಂದಿನ ಕೆಎಸ್‌ಎಸ್‌ಐಡಿಸಿ, ಶೆಡ್ಡು ಕಟ್ಟಿ ಬಾಡಿಗೆಗೋ ಕಂತಿಗೋ ಕೊಡತೊಡಗಿತು.

ಆದರೆ ನಿಗಮ ಒಂದು ಕಂಪನಿ. ಅದಕ್ಕೆ ನೆಲ ಸ್ವಾಧೀನಪಡಿಸಿಕೊಳ್ಳುವ ಅಧಿಕಾರ ಇರಲಿಲ್ಲ. 1894ರ ಭೂಸ್ವಾಧೀನ ಕಾಯ್ದೆಯ ದಾರಿ ಹಿಡಿದರೆ ವರ್ಷಗಟ್ಟಲೆ ಕಾಯಬೇಕು. ಮಹಾರಾಷ್ಟ್ರ, ಗುಜರಾತು ಎರಡೂ 1962ರಲ್ಲೇ ಇದಕ್ಕೆಂದು ಪ್ರತ್ಯೇಕ ನಿಗಮ ಮಾಡಿಕೊಂಡಿದ್ದವು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಮೈಸೂರು ರಾಜ್ಯ ನಾಲ್ಕು ವರ್ಷದ ನಂತರ ಅದೇ ಹೆಜ್ಜೆ ಇಟ್ಟಿತು.

1966: ಹದಿನೆಂಟನೆಯ ಕಾಯ್ದೆ

1966ರ 18ನೆಯ ಕಾಯ್ದೆ ಒಂದೇ ಸಂಸ್ಥೆಯ ಕೈಗೆ ಮೂರು ಕೆಲಸ ಕೊಟ್ಟಿತು: ಕೈಗಾರಿಕಾ ಪ್ರದೇಶಗಳನ್ನು ರೂಪಿಸುವುದು, ಅಲ್ಲಿ ರಸ್ತೆ ನೀರು ಚರಂಡಿ ಮಾಡಿಸುವುದು, ಪ್ಲಾಟುಗಳನ್ನು ಹಂಚಿ ನೋಡಿಕೊಳ್ಳುವುದು. ನೆಲವನ್ನು ಸ್ವಾಧೀನಪಡಿಸಿಕೊಳ್ಳುವುದು ಸರ್ಕಾರ. ಪಡೆದು ಮಂಡಳಿಯ ವಶಕ್ಕೆ ಕೊಡುತ್ತದೆ. ಕಾಯ್ದೆಯ 3(1)ನೆಯ ಕಲಮಿನ ಅಡಿ ಒಂದು ಪ್ರದೇಶವನ್ನು ಕೈಗಾರಿಕಾ ಪ್ರದೇಶವೆಂದು ಸಾರಬೇಕು. 28(1)ರ ಅಡಿ ಪ್ರಾಥಮಿಕ ಅಧಿಸೂಚನೆ, ಆಮೇಲೆ ಆಕ್ಷೇಪಣೆಗಳ ವಿಚಾರಣೆ, 28(4)ರ ಅಡಿ ಅಂತಿಮ ಅಧಿಸೂಚನೆ. ಅದು ಗೆಜೆಟ್ಟಿನಲ್ಲಿ ಬಂದ ಮೇಲೆ ನೆಲ ಎಲ್ಲ ಋಣಭಾರಗಳಿಂದ ಮುಕ್ತವಾಗಿ ಸರ್ಕಾರದ್ದಾಗುತ್ತದೆ. ಕಲಮಿನ ಈ ಅಂಕಿಗಳು ಕಾಯ್ದೆ ಪುಸ್ತಕದಲ್ಲಿ ಉಳಿಯಲಿಲ್ಲ. ದೇವನಹಳ್ಳಿಯಿಂದ ಕೋಲಾರದವರೆಗಿನ ಚಹಾದಂಗಡಿಗಳಲ್ಲಿ ಇವತ್ತಿಗೂ ‘ಟ್ವೆಂಟಿಎಯ್ಟ್ ಒನ್ ಆಗಿದೆ, ಫೋರ್ ಆಗಿಲ್ಲ’ ಎಂಬ ಮಾತು ಕೇಳುತ್ತದೆ. ಆ ಎರಡು ಅಂಕಿಗಳ ನಡುವೆ ಸಂಸಾರಗಳ ಮದುವೆ, ಸಾಲ, ಬೋರ್‌ವೆಲ್ ಎಲ್ಲ ಕಾದು ನಿಂತಿರುತ್ತವೆ.

ಹಂಚುವ ಅಧಿಕಾರದ ಜೊತೆಗೆ ಹಿಂಪಡೆಯುವ ಅಧಿಕಾರವೂ ಕಾಯ್ದೆಗೆ ಸೇರಿದೆ. 34-ಬಿ ಕಲಮಿನ ಪ್ರಕಾರ, ಷರತ್ತು ಮುರಿದವನಿಗೆ ನೋಟಿಸು ಕೊಟ್ಟು, ಅವನ ಮಾತು ಕೇಳಿ, ಪ್ಲಾಟನ್ನು ಮಂಡಳಿ ಮರಳಿ ವಶಕ್ಕೆ ಪಡೆಯಬಹುದು. ರೈತನಿಂದ ಬಲವಂತವಾಗಿ ಪಡೆದದ್ದಕ್ಕೆ ಸಾರ್ವಜನಿಕ ಉದ್ದೇಶವೇ ಆಧಾರ. ಆ ಉದ್ದೇಶ ನೆರವೇರದಿದ್ದರೆ ನೆಲ ಯಾರ ಕೈಯಲ್ಲೂ ಸುಮ್ಮನೆ ಕೂರಬಾರದು. ಇಡೀ ಕಾಯ್ದೆಯಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವ ಭಾಗ ಇದೇ.

ಮಂಡಳಿಯ ಕಚೇರಿ ಬಹುಕಾಲ ನೃಪತುಂಗ ರಸ್ತೆಯ ರಾಷ್ಟ್ರೋತ್ಥಾನ ಪರಿಷತ್ ಕಟ್ಟಡದಲ್ಲಿತ್ತು. ಆಮೇಲೆ ರೇಸ್ ಕೋರ್ಸ್ ರಸ್ತೆಯ ಖನಿಜ ಭವನಕ್ಕೆ ಬಂತು. ಕೈಗಾರಿಕೆಗೆ ಸಂಬಂಧಿಸಿದ ಬೇರೆ ಕಚೇರಿಗಳೂ ಅಲ್ಲೇ ಇರುವುದರಿಂದ, ಊರಿಂದ ಬಂದವರಿಗೆ ಒಂದು ದಿನದಲ್ಲಿ ಎರಡು ಮೂರು ಕೆಲಸ ಮುಗಿಸಿಕೊಳ್ಳುವ ಅನುಕೂಲವಾಯಿತು.

1970–1985: ಪೀಣ್ಯ ಮತ್ತು ಜಿಲ್ಲೆಗಳು

ತುಮಕೂರು ರಸ್ತೆಯ ಪೀಣ್ಯ ಮಂಡಳಿಯ ಕೆಲಸಕ್ಕೆ ಮುಖಚಿತ್ರವಿದ್ದಂತೆ. ಎಚ್‌ಎಂಟಿ, ಬಿಇಎಲ್ ಹತ್ತಿರದ ಜಾಲಹಳ್ಳಿಯಲ್ಲೇ ಇದ್ದವು. ಅಲ್ಲಿ ಟೂಲ್‌ರೂಮಿನಲ್ಲಿ ಕೈ ಪಳಗಿಸಿಕೊಂಡವರು, ಡಿಪ್ಲೊಮಾ ಮುಗಿಸಿ ಸ್ವಂತ ಕಸುಬು ಮಾಡುವ ಹಟ ಹೊತ್ತ ಹುಡುಗರು ಇಲ್ಲಿ ಶೆಡ್ಡು ಹಾಕಿದರು. ಒಂದನೆಯ ಹಂತ, ಎರಡನೆಯ ಹಂತ ಎಂದು ಬೆಳೆಯುತ್ತ ಹೋಗಿ, ಏಷ್ಯಾದ ದೊಡ್ಡ ಸಣ್ಣಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಹೆಸರಾಯಿತು. 1978ರಲ್ಲಿ ಪೀಣ್ಯ ಕೈಗಾರಿಕೆಗಳ ಸಂಘ ಹುಟ್ಟಿಕೊಂಡಿತು. ಮಂಡಳಿಗೆ ಎದುರು ಕೂತು ರಸ್ತೆಗುಂಡಿ, ನೀರು, ಅಂತಿಮ ದರಗಳ ಬಗ್ಗೆ ಕೇಳುವ ಬಾಯಿ ಸಿಕ್ಕಿತು.

ಅಂತಿಮ ದರದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಪ್ಲಾಟು ಹಂಚುವಾಗ ಮಂಡಳಿ ತಾತ್ಕಾಲಿಕ ದರ ಹೇಳುತ್ತದೆ. ರಸ್ತೆ, ನೀರಿನ ಕೊಳವೆ, ವಿದ್ಯುತ್ ಕಾಮಗಾರಿ ಮುಗಿದು, ರೈತರ ಪರಿಹಾರದ ಮೊತ್ತ ನ್ಯಾಯಾಲಯದಲ್ಲಿ ಹೆಚ್ಚಾದರೆ ಅದೂ ಸೇರಿ, ನಿಜವಾದ ಖರ್ಚು ಗೊತ್ತಾದ ಮೇಲೆ ಅಂತಿಮ ದರ ನಿಗದಿಯಾಗುತ್ತದೆ. ಆ ಹೊತ್ತಿಗೆ ಉದ್ಯಮಿ ಯಂತ್ರಕ್ಕೆ ಸಾಲ ಮಾಡಿ ಆಗಿರುತ್ತದೆ. ಹೆಚ್ಚುವರಿ ಮೊತ್ತ ಕಟ್ಟಿ ಎಂಬ ಪತ್ರ ಬಂದಾಗ ಅಸಮಾಧಾನ ಸಹಜ. ಈ ವಿಷಯವಾಗಿ ಮಂಡಳಿಗೂ ಹಂಚಿಕೆದಾರರಿಗೂ ಹಲವು ಸುತ್ತಿನ ಮಾತುಕತೆ ನಡೆದಿದೆ, ಕೆಲವು ಕೋರ್ಟಿಗೂ ಹೋದವು. ಲಾಭವಿಲ್ಲದೆ ನಷ್ಟವಿಲ್ಲದೆ ಹಂಚಬೇಕೆಂಬ ಆಶಯವನ್ನು ಲೆಕ್ಕದ ಪುಸ್ತಕಕ್ಕೆ ಇಳಿಸುವಾಗ ಹುಟ್ಟುವ ತಕರಾರು ಅದು. ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿತ್ತು.

ಕಾಯ್ದೆಯಲ್ಲಿ ಬರೆಯದ ಒಂದು ಬಲ ಈ ಕಾಲದಲ್ಲಿ ಮಂಡಳಿಗೆ ಬಂತು. 1974ರ ಮಾರ್ಚಿ 1ರಿಂದ ಜಾರಿಯಾದ ಭೂಸುಧಾರಣಾ ತಿದ್ದುಪಡಿಯಲ್ಲಿ, ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ 79-ಎ, 79-ಬಿ ಕಲಮುಗಳು ಅಡ್ಡ ಬಂದವು. ಕಂಪನಿಗಳಿಗೆ ಪೂರ್ತಿ ನಿರ್ಬಂಧ. 109ನೆಯ ಕಲಮಿನಡಿ ಸರ್ಕಾರದ ವಿನಾಯಿತಿ ಪಡೆಯಬಹುದಿತ್ತು. ಆದರೆ ಸಣ್ಣ ಉದ್ಯಮಿ ಆ ಕಡತದ ಹಿಂದೆ ಓಡಾಡುವಷ್ಟು ಬಲಶಾಲಿಯಲ್ಲ. ಗೇಣಿದಾರನಿಗೆ ಹೊಲ ಕೊಟ್ಟ ಅದೇ ಕಾನೂನು, ಕಾರ್ಖಾನೆ ಕಟ್ಟುವವನನ್ನು ನೇರವಾಗಿ ಮಂಡಳಿಯ ಬಾಗಿಲಿಗೆ ತಂದು ನಿಲ್ಲಿಸಿತು. ಖಾಸಗಿಯಾಗಿ ಕೊಳ್ಳುವ ದಾರಿ ಕಿರಿದಾದಷ್ಟೂ ಮಂಡಳಿಯ ಪ್ಲಾಟಿನ ಬೆಲೆ, ಕಾಗದದಲ್ಲಿ ಬರೆದದ್ದಕ್ಕಿಂತ ಎಷ್ಟೋ ಮೇಲೆ ಹೋಯಿತು. ಮರುಮಾರಾಟದ ಸಮಸ್ಯೆಯ ಬೇರು ಇಲ್ಲಿದೆ.

ಮೈಸೂರಿನ ಹೆಬ್ಬಾಳು, ಮೇಟಗಳ್ಳಿ, ಮಂಗಳೂರಿನ ಬೈಕಂಪಾಡಿ, ಹುಬ್ಬಳ್ಳಿಯ ತಾರಿಹಾಳ, ಧಾರವಾಡದ ಬೇಲೂರು, ಕಲಬುರಗಿಯ ಕಪನೂರು, ಬೀದರಿನ ಕೋಳಾರ ಎಂದು ಮಂಡಳಿಯ ನಕ್ಷೆ ಜಿಲ್ಲೆಗಳಿಗೆ ಚಾಚಿತು. ಮುಂದೆ ಕೇಂದ್ರ ಸರ್ಕಾರದ 1988ರ ಬೆಳವಣಿಗೆ ಕೇಂದ್ರಗಳ ಯೋಜನೆಯಲ್ಲಿ ರಾಯಚೂರು, ಧಾರವಾಡ, ಹಾಸನ ಸೇರಿದವು. ಬೆಂಗಳೂರಿನಲ್ಲಿ ಒಂದು ಪ್ಲಾಟಿಗೆ ಹಲವು ಅರ್ಜಿ ಬೀಳುವಾಗ, ದೂರದ ಊರುಗಳಲ್ಲಿ ರಸ್ತೆ ದೀಪ ಹಾಕಿದ ಪ್ಲಾಟುಗಳು ಜಾಲಿ ಬೆಳೆದು ನಿಂತದ್ದೂ ಉಂಟು. ನೆಲದ ಕೊರತೆ ಎಂದಾಗ ನಾವು ಬೆಂಗಳೂರಿನ ಸುತ್ತಳತೆಯ ಕೊರತೆಯ ಬಗ್ಗೆಯೇ ಹೆಚ್ಚು ಮಾತಾಡುತ್ತಿರುತ್ತೇವೆ ಎಂಬುದನ್ನು ಮರೆಯಬಾರದು.

ಲೀಸ್ ಕಮ್ ಸೇಲ್: ಮಾರಾಟದ ಮೇಲಿನ ಹಿಡಿತ

ಈ ಭಾಗಕ್ಕೆ ಒಂದು ಇಸವಿ ಕೊಡುವುದು ಕಷ್ಟ, ಏಕೆಂದರೆ ಇದು ಸಂಸ್ಥೆಯ ಇಡೀ ಬದುಕಿನುದ್ದಕ್ಕೂ ಹರಿದು ಬಂದಿದೆ.

ಪೀಣ್ಯದ ಹಳಬರನ್ನು ಕೇಳಿದರೆ ಕಾಗದಗಳ ಕ್ರಮವನ್ನು ಬಾಯಿಪಾಠದಂತೆ ಒಪ್ಪಿಸುತ್ತಾರೆ. ಮೊದಲು ಅಲಾಟ್‌ಮೆಂಟ್ ಲೆಟರ್. ಹಣ ಕಟ್ಟಿದ ಮೇಲೆ ಪೊಸೆಷನ್ ಸರ್ಟಿಫಿಕೇಟ್. ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಲೀಸ್ ಕಮ್ ಸೇಲ್ ಕರಾರು. ನಕ್ಷೆ ಮಂಜೂರು, ಕಟ್ಟಡ, ವಿದ್ಯುತ್, ಉತ್ಪಾದನೆ. ಇಷ್ಟೂ ಆಗಿ, ಬಾಕಿ ಇಲ್ಲದೆ, ಒಪ್ಪಿಕೊಂಡ ಯೋಜನೆ ನಡೆದಿದೆ ಎಂದು ಮಂಡಳಿಗೆ ಮನದಟ್ಟಾದ ಮೇಲೆ ಶುದ್ಧ ಕ್ರಯಪತ್ರ. ಅಲ್ಲಿಯವರೆಗೆ ಉದ್ಯಮಿ ಪೂರ್ತಿ ಬೆಲೆ ಕೊಟ್ಟಿದ್ದರೂ ಗುತ್ತಿಗೆದಾರನೇ.

ಈ ವ್ಯವಸ್ಥೆಯ ಜಾಣ್ಮೆ ಗಮನಿಸಬೇಕು. ನೇರ ಮಾರಿಬಿಟ್ಟರೆ, ಕೊಂಡವನು ಬೇಲಿ ಹಾಕಿ ಬೆಲೆ ಏರುವುದನ್ನು ಕಾಯುತ್ತ ಕೂರಬಹುದು. ಬರೀ ಗುತ್ತಿಗೆ ಕೊಟ್ಟರೆ, ಬ್ಯಾಂಕು ಸಾಲಕ್ಕೆ ಹಿಂದೇಟು ಹಾಕುತ್ತದೆ. ಅಪ್ಪನ ಕಾಲದ ಹೊಲ ಮಾರಿ ಯಂತ್ರ ತಂದವನಿಗೆ ತಾನು ನಿಂತ ನೆಲ ತನ್ನದಾಗುವುದೆಂಬ ಭರವಸೆಯೂ ಬೇಕು. ಆದ್ದರಿಂದ ಮಾಲೀಕತನವನ್ನು ದುಡಿಮೆಗೆ ಸಿಗುವ ಪ್ರತಿಫಲವಾಗಿ ಮಾಡಿದರು. ಕಾರ್ಖಾನೆ ನಡೆಸಿ ತೋರಿಸು, ನೆಲ ನಿನ್ನದಾಗುತ್ತದೆ. ಹಿಂದಿನ ಸರ್ಕಾರಿ ಕಚೇರಿಗಳಲ್ಲಿ ಕೂತವರು ಸಣ್ಣ ಉದ್ಯಮಿಯ ಮನಸ್ಸನ್ನು ಇಷ್ಟು ಚೆನ್ನಾಗಿ ಓದಿದ್ದರು ಎಂಬುದು ನನಗೆ ಸಂತೋಷದ ವಿಷಯ.

ಆದರೂ ಕರಾರಿನ ಅವಧಿ ಮುಗಿಯುವ ಮೊದಲೇ ಪ್ಲಾಟುಗಳು ಕೈ ಬದಲಿಸುತ್ತಿದ್ದವು. ಮಂಡಳಿಯ ಪೂರ್ವಾನುಮತಿ ಇಲ್ಲದೆ ವರ್ಗಾಯಿಸುವಂತಿಲ್ಲ ಎಂಬ ಷರತ್ತು ಎಲ್ಲ ಕರಾರುಗಳಲ್ಲಿ ಇರುತ್ತದೆ. ಆಗ ವರ್ಗಾವಣೆ ಎನ್ನದೆಯೇ ವರ್ಗಾಯಿಸುವ ದಾರಿಗಳು ಹುಟ್ಟಿದವು. ಪಾಲುದಾರಿಕೆ ಸಂಸ್ಥೆಗೆ ಹೊಸ ಪಾಲುದಾರ ಸೇರುತ್ತಾನೆ, ಕೆಲವು ತಿಂಗಳಿಗೆ ಹಳಬ ನಿವೃತ್ತನಾಗುತ್ತಾನೆ. ಪ್ಲಾಟು ಅದೇ ಸಂಸ್ಥೆಯ ಹೆಸರಿನಲ್ಲೇ ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಇನ್ನೂ ಸುಲಭ: ಶೇರುಗಳು ಕೈ ಬದಲಿಸುತ್ತವೆ, ನೆಲ ಕದಲುವುದಿಲ್ಲ. ಕೆಲವರು ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರ ಬರೆದುಕೊಟ್ಟರು. ಇನ್ನು ಕೆಲವರು ಅರ್ಧ ಶೆಡ್ಡನ್ನು ಬಾಡಿಗೆಗೆ ಬಿಟ್ಟರು. ಮಂಡಳಿಯೂ ಕಲಿಯುತ್ತ ಬಂತು. ಸಂಸ್ಥೆಯ ಸ್ವರೂಪ ಬದಲಾವಣೆಗೆ ಅರ್ಜಿ, ಮೂಲ ಹಂಚಿಕೆದಾರನ ಪಾಲು ಎಷ್ಟು ಉಳಿಯಬೇಕೆಂಬ ನಿಯಮ, ವರ್ಗಾವಣೆಗೆ ಶುಲ್ಕ, ಒಳಗುತ್ತಿಗೆಗೆ ಪ್ರತ್ಯೇಕ ಒಪ್ಪಿಗೆ, ಯೋಜನೆ ಕೈಗೂಡದವರು ಮರಳಿಸಲು ಬಂದರೆ ಒಂದಿಷ್ಟು ಮುಟ್ಟುಗೋಲು ಹಾಕಿ ಉಳಿದದ್ದನ್ನು ಹಿಂದಿರುಗಿಸುವ ಪದ್ಧತಿ, ಎಲ್ಲವೂ ಒಂದೊಂದಾಗಿ ಸೇರಿಕೊಂಡವು.

ಮಾರಾಟಕ್ಕೆ ಸಕ್ರಮವಾದ ಒಂದು ಬಾಗಿಲೂ ಇತ್ತು, ಅದು ತೆರೆಯುತ್ತಿದ್ದುದು ದುಃಖದ ಹೊತ್ತಿನಲ್ಲಿ. ಮಂಡಳಿಯ ನಿರಾಕ್ಷೇಪಣಾ ಪತ್ರ ಪಡೆದು ಉದ್ಯಮಿ ಪ್ಲಾಟನ್ನು ರಾಜ್ಯ ಹಣಕಾಸು ಸಂಸ್ಥೆಗೆ, ಅಂದರೆ ಕೆಎಸ್‌ಎಫ್‌ಸಿಗೆ ಅಡವಿಡುತ್ತಿದ್ದ. ಕಂತು ನಿಂತರೆ 1951ರ ರಾಜ್ಯ ಹಣಕಾಸು ಸಂಸ್ಥೆಗಳ ಕಾಯ್ದೆಯ 29ನೆಯ ಕಲಮಿನಡಿ ಸಂಸ್ಥೆ ಘಟಕವನ್ನು ವಶಪಡಿಸಿಕೊಂಡು ಹರಾಜಿಗಿಡಬಹುದು. ಪತ್ರಿಕೆಗಳಲ್ಲಿ ಸಣ್ಣ ಅಕ್ಷರದ ಆ ಜಾಹೀರಾತುಗಳನ್ನು ಓದಿ, ಒಬ್ಬನ ಮುಚ್ಚಿದ ಕಾರ್ಖಾನೆಯಲ್ಲಿ ಇನ್ನೊಬ್ಬ ಬಾಗಿಲು ತೆರೆದು ಬೆಳೆದ ನಿದರ್ಶನಗಳಿವೆ. 2002ರಲ್ಲಿ ಬಂದ ಸರ್ಫೇಸಿ ಕಾಯ್ದೆ ಅದೇ ಬಗೆಯ ಅಧಿಕಾರವನ್ನು ಬ್ಯಾಂಕುಗಳಿಗೂ ಕೊಟ್ಟಿತು.

ಮರುಮಾರಾಟ ಮಾಡುವವರನ್ನೆಲ್ಲ ದಲ್ಲಾಳಿಗಳೆಂದು ಬಗೆಯುವುದು ಅನ್ಯಾಯ. ಮೂವತ್ತು ವರ್ಷ ಶೆಡ್ಡು ನಡೆಸಿದ ಒಬ್ಬ ಟರ್ನರ್‌ಗೆ ಪಿಂಚಣಿ ಇಲ್ಲ. ಮಕ್ಕಳು ಸಾಫ್ಟ್‌ವೇರಿಗೆ ಹೋದರು. ಅವನಿಗೆ ಇರುವ ಒಂದೇ ಉಳಿತಾಯ ಆ ಪ್ಲಾಟು. ಅವನು ಶುದ್ಧ ಕ್ರಯಪತ್ರ ಪಡೆದು ಮಾರಿದರೆ ಅದು ಅವನ ದುಡಿಮೆಯ ಫಲ. ಒಂದು ಇಟ್ಟಿಗೆಯನ್ನೂ ಇಡದೆ ಹತ್ತು ವರ್ಷ ಕಾದು ಶೇರು ಮಾರಿದವನ ಲಾಭ ಬೇರೆ. ಅದರಲ್ಲಿ ರೈತನ ಪಾಲೂ ಇದೆ, ರಸ್ತೆ ಹಾಕಿಸಿದ ಸಾರ್ವಜನಿಕರ ಪಾಲೂ ಇದೆ. ಇಬ್ಬರನ್ನೂ ಒಂದೇ ಶುಲ್ಕದ ಪಟ್ಟಿಯಲ್ಲಿ ಅಳೆಯಬಾರದು ಎಂದು ನನ್ನ ದೃಢವಾದ ಅನಿಸಿಕೆ.

ಕ್ರಯಪತ್ರವಾದ ಮೇಲೂ ನೆಲದ ಉಪಯೋಗ ಬದಲಿಸುವ ಸ್ವಾತಂತ್ರ್ಯ ಮಾಲೀಕನಿಗಿಲ್ಲ. ನಗರ ಯೋಜನೆಯ ನಕ್ಷೆಯಲ್ಲಿ ಅದು ಕೈಗಾರಿಕಾ ವಲಯ. ಆದರೆ ನಗರ ಬೆಳೆದು ಸುತ್ತುವರಿದಾಗ ಒತ್ತಡ ಹೇಗೆ ಬರುತ್ತದೆ ಎನ್ನಲು ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ನಿಂತಿರುವ ಮಾಲನ್ನು ನೋಡಿದರೆ ಸಾಕು. ಪೀಣ್ಯಕ್ಕೆ 2014ರ ಮಾರ್ಚಿಯಲ್ಲಿ ಮೆಟ್ರೊ ಬಂದ ಮೇಲೆ ಅಲ್ಲಿನ ಪ್ಲಾಟುಗಳಿಗೂ ಕಾರ್ಖಾನೆಗಿಂತ ಹೆಚ್ಚು ಕೊಡುವ ಗಿರಾಕಿಗಳು ಬರತೊಡಗಿದರು.

1985–2000: ಹೊಗೆಯಿಲ್ಲದ ಕಾರ್ಖಾನೆಗಳು

ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗರು ಎಪ್ಪತ್ತರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡಾಗ ಅದನ್ನು ನಂಬಿದವರು ಬಹಳ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಆ ಕನಸೇ ರಾಜ್ಯದ ಗುರುತಾಯಿತು. ವೈಟ್‌ಫೀಲ್ಡಿನಲ್ಲಿ ಮಂಡಳಿ ರಫ್ತು ಉತ್ತೇಜನಾ ಪಾರ್ಕು ರೂಪಿಸಿತು. 1994ರಲ್ಲಿ ಸಿಂಗಪುರದ ಒಕ್ಕೂಟ, ಟಾಟಾ, ಮಂಡಳಿ ಸೇರಿ ಕಟ್ಟಿದ ಐಟಿ ಪಾರ್ಕು ಐಟಿಪಿಎಲ್‌ನಲ್ಲಿ ಆರಂಭದಲ್ಲಿ ಮಂಡಳಿಯ ಪಾಲು ಶೇ. 20 ಇತ್ತು. ಪ್ಲಾಟು ಕೊಟ್ಟು ಸರಿಯುವ ಬದಲು ಪಾಲುದಾರನಾಗಿ ಉಳಿಯುವ ಪ್ರಯೋಗ ಅದು. ಅಲ್ಲಿ ಕಂಪನಿಗಳಿಗೆ ಸಿಗುವುದು ನೆಲವಲ್ಲ, ಕಟ್ಟಿದ ಜಾಗ. ಮರುಮಾರಾಟದ ಪ್ರಶ್ನೆಯೇ ಬಾಡಿಗೆದಾರನಿಗೆ ಏಳುವುದಿಲ್ಲ. ಆ ಪಾಠವನ್ನು ಸಣ್ಣ ಕೈಗಾರಿಕೆಗೆ ಬಹುಮಹಡಿ ಶೆಡ್ಡುಗಳ ರೂಪದಲ್ಲಿ ಆಗಲೇ ದೊಡ್ಡ ಪ್ರಮಾಣದಲ್ಲಿ ಅಳವಡಿಸಿಕೊಂಡಿದ್ದರೆ ಎಷ್ಟೋ ಎಕರೆ ಉಳಿಯುತ್ತಿತ್ತು.

1997ರಲ್ಲಿ ಎರಡು ಸಂಗತಿ ನಡೆದವು. ಬಿಡದಿಯಲ್ಲಿ 432 ಎಕರೆಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಗೆ ಸಿದ್ಧತೆ ಶುರುವಾಗಿ 1999ರ ಕೊನೆಗೆ ಮೊದಲ ಗಾಡಿ ಹೊರಬಂತು. ಅದರ ಸುತ್ತ ಬಿಡಿಭಾಗ ಮಾಡುವವರಿಗೂ ನೆಲ ಬೇಕಾಯಿತು. ಇನ್ನೊಂದು, ಕಾಯ್ದೆಗಾದ ತಿದ್ದುಪಡಿ. ಕೈಗಾರಿಕೆಗೆ ಬೇಕಾದ ಮೂಲಸೌಕರ್ಯವೂ ಮಂಡಳಿಯ ಕೆಲಸದ ವ್ಯಾಪ್ತಿಗೆ ಸೇರಿತು. ಇದರ ಬಲದಿಂದ ದೇವನಹಳ್ಳಿಯ ವಿಮಾನನಿಲ್ದಾಣಕ್ಕೆ, ಬೆಂಗಳೂರು ಮೈಸೂರು ಮೂಲಸೌಕರ್ಯ ಕಾರಿಡಾರಿಗೆ, ಆಮೇಲೆ ನಮ್ಮ ಮೆಟ್ರೊಗೂ ಮಂಡಳಿಯ ಮೂಲಕವೇ ಭೂಸ್ವಾಧೀನವಾಯಿತು. ಶೆಡ್ಡಿನವರಿಗಾಗಿ ಹುಟ್ಟಿದ ಸಂಸ್ಥೆ ರಾಜ್ಯದ ಭೂಸ್ವಾಧೀನದ ಮುಖ್ಯ ಕೈಯಾಯಿತು. ಇದು ಗೌರವವೂ ಹೌದು, ಹೊರೆಯೂ ಹೌದು.

2002–2013: ಏಕಗವಾಕ್ಷಿ ಮತ್ತು ಭೂಬ್ಯಾಂಕು

2002ರ ಕೈಗಾರಿಕೆಗಳ ಸೌಲಭ್ಯ ಕಾಯ್ದೆಯಿಂದ ಯಾರಿಗೆ ನೆಲ ಎಂಬ ತೀರ್ಮಾನಕ್ಕೆ ಒಂದು ಸ್ಪಷ್ಟ ಏಣಿ ಬಂತು. ಈಗ 15 ಕೋಟಿ ರೂಪಾಯಿವರೆಗಿನ ಯೋಜನೆ ಜಿಲ್ಲಾ ಸಮಿತಿಗೆ, 500 ಕೋಟಿವರೆಗಿನದು ರಾಜ್ಯಮಟ್ಟದ ಏಕಗವಾಕ್ಷಿ ಸಮಿತಿಗೆ, ಅದಕ್ಕೂ ಮೇಲಿನದು ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಉನ್ನತಮಟ್ಟದ ಸಮಿತಿಗೆ. ಕೇಳಿದ ನೆಲ ನಿಜಕ್ಕೂ ಬೇಕೇ ಎಂದು ಅಳೆಯಲು ಭೂ ಲೆಕ್ಕಪರಿಶೋಧನಾ ಸಮಿತಿ. ನೂರು ಎಕರೆ ಕೇಳಿದವರಿಗೆ ಅರವತ್ತು ಸಾಕು ಎಂದು ಹೇಳುವ ಆ ಸಮಿತಿಯ ಕೆಲಸ ಹೊರಗೆ ಹೆಚ್ಚು ಕಾಣುವುದಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಪಡೆದ ನೆಲವೇ ನಾಳೆ ಕದ್ದುಮುಚ್ಚಿ ಮಾರಾಟಕ್ಕೆ ಬರುವುದರಿಂದ, ಮರುಮಾರಾಟ ತಡೆಯುವ ಕೆಲಸ ಶುರುವಾಗುವುದೇ ಅಲ್ಲಿ.

ದೊಡ್ಡ ಹಂಚಿಕೆಗಳು ನ್ಯಾಯಾಲಯಕ್ಕೂ ಹೋದವು. ಎಲೆಕ್ಟ್ರಾನಿಕ್ಸ್ ಉದ್ಯಮ ಸಮೂಹವೊಂದಕ್ಕೆ ಕೊಟ್ಟ ನೆಲದ ಪ್ರಶ್ನೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಬಂದಾಗ, 2003ರಲ್ಲಿ ಸುಪ್ರೀಂ ಕೋರ್ಟು ಹಂಚಿಕೆಯನ್ನು ಎತ್ತಿಹಿಡಿಯಿತು. ಗೆದ್ದರೂ, ಕಡತದಲ್ಲಿ ಕಾರಣಗಳನ್ನು ವಿವರವಾಗಿ ಬರೆದಿಡಬೇಕೆಂಬ ಎಚ್ಚರವನ್ನು ಇಂಥ ಮೊಕದ್ದಮೆಗಳು ಕಲಿಸಿದವು.

2010ರ ಜೂನಿನಲ್ಲಿ ಜಾಗತಿಕ ಬಂಡವಾಳ ಹೂಡಿಕೆದಾರರ ಸಮಾವೇಶ ನಡೆಯಿತು. ಬರುವವರಿಗೆ ನೆಲ ಸಿದ್ಧವಿರಬೇಕೆಂದು ಭೂಬ್ಯಾಂಕಿನ ವಿಚಾರ ಮುಂದೆ ಬಂತು. ಬಳ್ಳಾರಿಯ ಕುಡುತಿನಿ ಸುತ್ತ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಪಡೆದರು. ಕಾರ್ಖಾನೆಗಳು ಮೇಲೇಳಲಿಲ್ಲ, ಕೆಲಸದ ಆಸೆ ಹೊತ್ತ ಮನೆಗಳು ಕಾದವು. ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಉಕ್ಕಿನ ಕಂಪನಿ ಪೋಸ್ಕೊಗೆ ನೆಲ ಪಡೆಯುವ ಪ್ರಯತ್ನಕ್ಕೆ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ರೈತರು ಎದ್ದು ನಿಂತರು, 2011ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಈ ಎರಡನ್ನೂ ಸೋಲು ಗೆಲುವಿನ ಮಾತಾಗಿ ನೋಡದೆ, ಯಾರಿಗೆಂದು ಖಚಿತವಾಗುವ ಮೊದಲೇ ನೆಲ ಪಡೆಯುವುದರ ಅಪಾಯವೆಂದು ಮಂಡಳಿಯ ಒಳಗೂ ಚರ್ಚೆಯಾದದ್ದು ಒಳ್ಳೆಯದೇ ಆಯಿತು.

ರೈತನಿಗೆ ಹಣದ ಬದಲು ಅಭಿವೃದ್ಧಿಪಡಿಸಿದ ನೆಲದಲ್ಲೇ ಪಾಲು ಕೊಡುವ ಯೋಜನೆ ನನ್ನ ದೃಷ್ಟಿಯಲ್ಲಿ ಮಂಡಳಿಯ ಒಳ್ಳೆಯ ಹೆಜ್ಜೆಗಳಲ್ಲಿ ಒಂದು. ಒಂದು ಎಕರೆ ಬಿಟ್ಟುಕೊಟ್ಟವರಿಗೆ 10,781 ಚದರ ಅಡಿ ಸಿದ್ಧ ಜಾಗ. ಬೆಲೆ ಏರಿದರೆ ಆ ಏರಿಕೆ ರೈತನ ಮನೆಗೂ ಬರುತ್ತದೆ. ಹೊಲದ ಒಡೆತನ ಹೋದ ನೋವನ್ನು ಇದು ಪೂರ್ತಿ ತುಂಬುವುದಿಲ್ಲ, ಆದರೆ ಮರುಮಾರಾಟದ ಲಾಭ ಯಾರದು ಎಂಬ ಹಳೆಯ ಪ್ರಶ್ನೆಗೆ ರೈತನ ಕಡೆಯಿಂದ ಸಿಕ್ಕ ಉತ್ತರ ಅದು.

ಕೈಗಾರಿಕಾ ಪ್ರದೇಶಗಳ ದಿನನಿತ್ಯದ ನಿರ್ವಹಣೆಯ ವಿಷಯದಲ್ಲಿ ಸ್ಥಳೀಯ ಸಂಸ್ಥೆಗಳಿಗೂ ಉದ್ಯಮಿಗಳಿಗೂ ತೆರಿಗೆಯ ಬಗ್ಗೆ ಭಿನ್ನಾಭಿಪ್ರಾಯ ಇದ್ದೇ ಇತ್ತು: ತೆರಿಗೆ ಪಂಚಾಯಿತಿಗೆ, ಗುಂಡಿ ಮುಚ್ಚುವವರು ಯಾರು? 2013ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಸಿಕ್ಕಿ ಅಲ್ಲಿ ಒಂದು ದಾರಿ ಕಂಡಿತು. ಪೀಣ್ಯದಂಥ ಹಳೆಯ ಪ್ರದೇಶಗಳಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಂತರ್ಜಲಕ್ಕೆ ಇಳಿದದ್ದು ನೆಲ ಹಂಚುವವರು ನೆಲದಡಿಯ ನೀರಿನ ಬಗ್ಗೆಯೂ ಹೊಣೆ ಹೊರಬೇಕೆಂಬುದನ್ನು ತಡವಾಗಿ ತಿಳಿಸಿತು.

2014–2026: ತೊಂಬತ್ತೊಂಬತ್ತು ವರ್ಷದಿಂದ ಹತ್ತು ವರ್ಷಕ್ಕೆ

2014–19ರ ಕೈಗಾರಿಕಾ ನೀತಿಯ ಕಾಲದಲ್ಲಿ ಮಂಡಳಿ 99 ವರ್ಷದ ಗುತ್ತಿಗೆಯ ಕಡೆ ವಾಲಿತು. ನೆಲ ಸಾರ್ವಜನಿಕರ ಕೈಯಲ್ಲೇ ಉಳಿಯಲಿ, ಮಾರಾಟದ ಆಟ ನಿಲ್ಲಲಿ ಎಂಬುದು ಉದ್ದೇಶ. ಸಣ್ಣ ಉದ್ಯಮಿಗಳ ಸಂಘಗಳು ಸಾಲ ಸಿಗುವುದಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಏನಿದೆ ಎಂದು ಕೇಳಿದವು. ಹಲವು ಸುತ್ತಿನ ಸಮಾಲೋಚನೆಯ ನಂತರ ಲೀಸ್ ಕಮ್ ಸೇಲ್ ಪದ್ಧತಿ ಮರಳಿತು, ಅವಧಿ 10 ವರ್ಷ. ಇದು ಹಿಂದೆ ಸರಿದದ್ದೆಂದು ಕೆಲವರು ಟೀಕಿಸಿದರು. ಸಣ್ಣವರ ವಿಷಯದಲ್ಲಿ ಹಳೆಯ ಪದ್ಧತಿಯೇ ಸರಿಯೆಂದು ನಾನು ನಂಬುತ್ತೇನೆ. ನೂರಾರು ಎಕರೆ ಪಡೆಯುವ ದೊಡ್ಡ ಕಂಪನಿಗೆ ಬ್ಯಾಂಕಿನ ಬಾಗಿಲು ಹೇಗಿದ್ದರೂ ತೆರೆದಿರುತ್ತದೆ. ಅದಕ್ಕೆ ಗುತ್ತಿಗೆಯೇ ಸಾಕಿತ್ತು. ಎರಡು ಅಳತೆಗೆ ಎರಡು ಕರಾರು ಇರಬಹುದಿತ್ತು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳನ್ನು ತೆಗೆದುಹಾಕಿದರು. ಉದ್ಯಮಿ ಈಗ ರೈತನಿಂದ ನೇರ ಕೊಳ್ಳಬಹುದು. 46 ವರ್ಷ ಮಂಡಳಿಯ ಬಾಗಿಲಿಗೆ ಜನರನ್ನು ಕರೆತಂದ ಗೋಡೆ ಉರುಳಿತು. ಆದರೂ ಅರ್ಜಿಗಳು ನಿಂತಿಲ್ಲ, ಏಕೆಂದರೆ ದಾಖಲೆ ಶುದ್ಧವಾದ, ರಸ್ತೆ ವಿದ್ಯುತ್ ಇರುವ ಜಾಗವನ್ನು ಸಣ್ಣ ಅಳತೆಯಲ್ಲಿ ಕೊಡುವವರು ಬೇರೆ ಕಡಿಮೆ. ಪರಿಶಿಷ್ಟ ಜಾತಿ, ಪಂಗಡಗಳ ಉದ್ಯಮಿಗಳಿಗೆ ಮೀಸಲು ಪ್ಲಾಟು, ದರದಲ್ಲಿ ರಿಯಾಯಿತಿ ಸಿಗುವುದು ಸರ್ಕಾರದ ಹಂಚಿಕೆಯಲ್ಲಿ ಮಾತ್ರ. ಒಟ್ಟಾರೆ ಶೇ. 70, ಸಿ ಮತ್ತು ಡಿ ದರ್ಜೆಯಲ್ಲಿ ಶೇ. 100 ಕೆಲಸ ಕನ್ನಡಿಗರಿಗೆ ಎಂಬ ನೀತಿಯ ಮಾತನ್ನು ಹಂಚಿಕೆಯ ಷರತ್ತಾಗಿ ನೆನಪಿಸುವ ಅವಕಾಶವೂ ಇಲ್ಲಿದೆ.

ರೈತರ ಕಡೆಯಿಂದ ಎರಡು ದೊಡ್ಡ ಮಾತುಗಳು ಈ ವರ್ಷಗಳಲ್ಲೇ ಬಂದವು. ಬೆಂಗಳೂರು ಮೈಸೂರು ಕಾರಿಡಾರಿಗೆ 2003ರಲ್ಲಿ ಅಧಿಸೂಚನೆಯಾದ ನೆಲಕ್ಕೆ ಎರಡು ದಶಕ ಪರಿಹಾರ ಸಿಗದವರ ಪ್ರಕರಣದಲ್ಲಿ, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು 2019ರ ಏಪ್ರಿಲ್ 22ರ ಮಾರುಕಟ್ಟೆ ದರದಲ್ಲಿ ಪರಿಹಾರ ನಿಗದಿ ಮಾಡಬೇಕೆಂದಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗಾಗಿ 2022ರ ಏಪ್ರಿಲ್‌ನಿಂದ ಧರಣಿ ಕೂತ ರೈತರಿಗೆ, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡುವುದಾಗಿ ಹೇಳಿದರು. ಹೊಸ ನೆಲ ಸಿಗುವುದು ಇನ್ನು ಕಷ್ಟ. ಅದು ಇರಬೇಕಾದದ್ದೂ ಹಾಗೆಯೇ.

ಹಾಗಾಗಿ ಮಂಡಳಿಯ ಮುಂದಿನ ಕೆಲಸ ಹೊಸ ಹಳ್ಳಿಗಳಲ್ಲಿಲ್ಲ, ಈಗಾಗಲೇ ಹಂಚಿದ ಪ್ಲಾಟುಗಳಲ್ಲಿದೆ. ಖಾಲಿ ಉಳಿದವುಗಳಿಗೆ ನೋಟಿಸು ಕೊಟ್ಟು, ಹಿಂಪಡೆದು, ಕಾಯುತ್ತಿರುವವರಿಗೆ ಮರುಹಂಚುವುದೇ ಆ ಕೆಲಸ. ಅದಕ್ಕೆ ನೆರವಾಗಲೆಂದು ಈ ಲೇಖನದ ಮೂಲಕ ಒಂದು ಕೋರಿಕೆ. ತಾರಿಹಾಳದಿಂದ ಹಾರೋಹಳ್ಳಿಯವರೆಗೆ ಪ್ರತಿ ಕೈಗಾರಿಕಾ ಪ್ರದೇಶದ ಹೆಬ್ಬಾಗಿಲಲ್ಲಿ ಪ್ಲಾಟುಗಳ ನಕ್ಷೆಯ ಪಕ್ಕದಲ್ಲೇ ಪ್ರತಿಯೊಂದರ ಹಂಚಿಕೆಯ ವರ್ಷ, ಒಪ್ಪಿಕೊಂಡ ಉತ್ಪನ್ನ, ಉತ್ಪಾದನೆ ಶುರುವಾದ ದಿನ, ವರ್ಗಾವಣೆಯಾಗಿದ್ದರೆ ಅದರ ದಿನ ಬರೆದ ಫಲಕ ಇರಲಿ. ವರ್ಷಕ್ಕೊಮ್ಮೆ ಅದನ್ನು ತಿದ್ದಲಿ. ನೆಲ ಬಿಟ್ಟುಕೊಟ್ಟ ಊರಿನವರು ಆ ದಾರಿಯಲ್ಲಿ ದಿನವೂ ಕೆಲಸಕ್ಕೆ ಹೋಗುತ್ತಾರೆ. ಅವರು ಅದನ್ನು ಓದಿ, ಖಾಲಿ ಪ್ಲಾಟಿನ ಬಗ್ಗೆ ಮಂಡಳಿಯ ವಲಯ ಕಚೇರಿಗೆ ಬರೆಯಲಿ.